ಕರಿಬಳೆಯ ಏಳನೆಯ ಉಸಿರು

ನನಗೆ ಅನುಮಾನ ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಅನುಮಾನ ಪಡುವುದಕ್ಕೆಂದೇ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದಾರೆ. ಬೆಟಗೇರಿಯ ಕರಿಬಳೆ ಕೇಂದ್ರದಲ್ಲಿ ನಾನು ಗುಣಪರೀಕ್ಷಕಿ. ಹೆಸರು ಸುವರ್ಣಾ ಮುಳಗುಂದ. ಹಾಲಿನವನ ಕ್ಯಾನಿಗೆ ಬೆರಳು ಅದ್ದಿ ನೋಡದೆ ಹಾಲು ಹಾಕಿಸಿಕೊಂಡವಳಲ್ಲ. ಬೀಗರು ಕಳಿಸಿದ ಅಂಟಿನುಂಡೆಯನ್ನು ಒಡೆದು ಮೂಸದೆ ಮಗಳ ಬಾಯಿಗೆ ಕೊಟ್ಟವಳಲ್ಲ. ಇಂಥ ನಾನು ಕಳೆದ ಶ್ರಾವಣದಲ್ಲಿ ಫಕ್ಕೀರಪ್ಪ ಕಮ್ಮಾರ ಎಂಬ ಮನುಷ್ಯನ ಕೆಲಸ ಕಳೆಯುವ ವರದಿ ಬರೆಯಲು ಕೂತಿದ್ದೆ. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಅದು ಧಾರವಾಡದ ಮುಖ್ಯ ಕಚೇರಿಗೆ ಹೋಗಬೇಕಿತ್ತು.

ಮೊದಲು ಕರಿಬಳೆ ಅಂದರೇನು ಎಂದು ಹೇಳಿಬಿಡುತ್ತೇನೆ. ಗದಗಿನ ಗಾಳಿ ನಿಮಗೆ ಗೊತ್ತಿರಬಹುದು. ಆಷಾಢ ಬಂತೆಂದರೆ ಕಪ್ಪತಗುಡ್ಡದ ಮೇಲಿಂದ ಇಳಿಯುವ ಗಾಳಿಗೆ ಹಂಚು ಹಾರುತ್ತವೆ, ಒಣಹಾಕಿದ ಸೀರೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಆಗಿನಿಂದ ಮೂರು-ನಾಲ್ಕು ತಿಂಗಳು ಹುಚ್ಚೆದ್ದು ತಿರುಗುತ್ತವೆ. ದೀಪಾವಳಿ ಮುಗಿದರೆ ಗಾಳಿಯೂ ಇಲ್ಲ, ಕರೆಂಟೂ ಇಲ್ಲ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದರು. ತೂರಿಕೊಂಡದ್ದನ್ನು ಎಲ್ಲಿ ತುಂಬಿಡಬೇಕೆಂದು ಹೇಳಲಿಲ್ಲ. ಅದನ್ನು ಹೇಳಿದ್ದು ಕರಿಬಳೆ. ತಾಮ್ರ, ಬೇರಿಯಂ, ಯಿಟ್ರಿಯಂ, ಆಕ್ಸಿಜನ್ ಸೇರಿಸಿ ಸುಟ್ಟ ಒಂದು ಕರಿಯ ಉಂಗುರ, ಸ್ಕೂಟರಿನ ಟೈರಿನಷ್ಟು ದೊಡ್ಡದು, ಇಪ್ಪತ್ತು ಕಿಲೋ ತೂಕ. ಅದರೊಳಗೆ ಒಮ್ಮೆ ಕರೆಂಟು ಬಿಟ್ಟರೆ ಸುತ್ತುತ್ತಲೇ ಇರುತ್ತದೆ. ತಡೆ ಎಂಬುದೇ ಇಲ್ಲ, ಸವೆಯುವುದಿಲ್ಲ. ನನ್ನ ಅಜ್ಜನ ಕಾಲದಲ್ಲಿ ಇಂಥ ವಸ್ತುವಿಗೆ ದ್ರವ ನೈಟ್ರೋಜನ್ ಸುರಿದು ಸುರಿದು ತಣ್ಣಗಿಡಬೇಕಿತ್ತಂತೆ. ಈಗಿನ ಮಿಶ್ರಣ ನಮ್ಮ ಏಪ್ರಿಲ್ ಬಿಸಿಲಿನಲ್ಲೂ ಕೆಲಸ ಮಾಡುತ್ತದೆ. ಆಷಾಢದಲ್ಲಿ ತುಂಬಿಸಿದರೆ ಮನೆಯೊಂದಕ್ಕೆ ಯುಗಾದಿವರೆಗೆ ಚಿಂತೆಯಿಲ್ಲ.

ಚಿಂತೆ ಇರುವುದು ಒಂದೇ, ಆಕ್ಸಿಜನ್‌ನದು. ಈ ವಸ್ತುವಿನ ಹರಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದಂತೆ ತಿಳಿಯಿರಿ. ಒಂದೊಂದು ಗೂಡಿನಲ್ಲೂ ಆಕ್ಸಿಜನ್‌ಗೆ ಏಳು ಜಾಗ. ಆರು ಆಕ್ಸಿಜನ್ ಗಟ್ಟಿ ಕೂತಿರುತ್ತವೆ. ಏಳನೆಯದು ತಾಮ್ರದ ಪರಮಾಣುಗಳ ನಡುವೆ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತದೆ. ಒಂದೇ ದಿಕ್ಕಿಗೆ ಹಗ್ಗ ಬಿಗಿದ ಹೊರಸಿನಂತೆ ಆಗ ಗೂಡಿನ ಬುಡ ಒಂದು ಕಡೆ ತುಸು ಉದ್ದವಾಗುತ್ತದೆ. ಆ ಉದ್ದ ಇದ್ದರೆ ಕರೆಂಟು ಸುತ್ತುತ್ತದೆ. ಏಳನೆಯದು ಎದ್ದು ಹೋದರೆ ಬುಡ ಚೌಕವಾಗಿ, ಬಳೆ ಬರೀ ಕಲ್ಲು. ಬಿಸಿಲಿಗೂ ಜಗ್ಗದಂತೆ ಮಾಡಿದ ಈ ಹೊಸ ಮಿಶ್ರಣದಲ್ಲಿ ಏಳನೆಯ ಆಕ್ಸಿಜನ್ ಬಹಳ ಸಡಿಲ. ಕೊಡುವುದು ಸುಲಭ, ಮರಳಿ ಪಡೆಯುವುದಕ್ಕೆ ಒಲೆ ಬೇಕು. ಅದಕ್ಕೇ ವರ್ಷಕ್ಕೊಮ್ಮೆ ಬಳೆಯನ್ನು ಕೇಂದ್ರಕ್ಕೆ ತಂದು, ಶುದ್ಧ ಆಕ್ಸಿಜನ್ ಹರಿಯುವ ಒಲೆಯಲ್ಲಿಟ್ಟು, ಮೂರು ದಿನ ನಿಧಾನಕ್ಕೆ ಆರಿಸುತ್ತೇವೆ. ಜನ ಅದಕ್ಕೆ ಉಸಿರು ಹಾಕಿಸುವುದು ಎನ್ನುತ್ತಾರೆ.

ನಮ್ಮ ಕೇಂದ್ರದಲ್ಲಿ ಉಸಿರು ಹಾಕುವವನು ಫಕ್ಕೀರಪ್ಪ. ಐವತ್ತೆರಡು ವರ್ಷ, ಮಾತು ಕಡಿಮೆ. ಒಲೆಯಿಂದ ತೆಗೆದ ಬಳೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುವುದು ಅವನ ರೂಢಿ. ಸರಿಯಾದ ನಾದ ಬಂದರೆ "ತುಂಬೇತಿ" ಎನ್ನುತ್ತಾನೆ, ಇಲ್ಲವಾದರೆ ಮತ್ತೆ ಒಲೆಗೆ. ಕಿವಿ ನಂಬಿ ಸರ್ಕಾರ ನಡೆಯುತ್ತದೆಯೇ? ನಾನು ಮಾತ್ರ ಪ್ರತಿ ಬಳೆಯ ಮೇಲೂ ಆಯಸ್ಕಾಂತದ ಬಿಲ್ಲೆ ಇಟ್ಟು, ಅದು ಗಾಳಿಯಲ್ಲಿ ತೇಲಿದರೆ ಮಾತ್ರ ಸಹಿ ಮಾಡುತ್ತಿದ್ದೆ.

ಜ್ಯೇಷ್ಠದ ಕೊನೆಯಿಂದ ಬಳೆಗಳು ಸಾಯತೊಡಗಿದವು. ಮೊದಲು ಸವಡಿಯವರ ಮನೆ, ಆಮೇಲೆ ಹೊಂಬಳದವರದು, ನಂತರ ಬೆಳಧಡಿ ಮಾಸ್ತರರದು. ಉಸಿರು ಹಾಕಿಸಿ ತಿಂಗಳಾಗಿರಲಿಲ್ಲ, ದೀಪ ಆರಿತು. ಬಳೆಯೊಳಗಿನ ಕರೆಂಟು ಭೂಮಿಗಿಳಿಯುವ ವ್ಯವಸ್ಥೆ ಪೆಟ್ಟಿಗೆಯಲ್ಲೇ ಇರುವುದರಿಂದ ಯಾರಿಗೂ ಏಟಾಗಲಿಲ್ಲ. ಆದರೆ ತೂಕಕ್ಕೆ ಹಾಕಿದರೆ ಪ್ರತಿ ಬಳೆಯಲ್ಲೂ ನೂರೈವತ್ತು ಗ್ರಾಂ ಕಡಿಮೆ. ಅಷ್ಟು ಆಕ್ಸಿಜನ್ ಎಲ್ಲಿ ಹೋಯಿತು? ಎರಡು ತಿಂಗಳಲ್ಲಿ ಇಂಥವು ಆರು ಬಂದವು. ಆರೂ ಮನೆಗಳಿಗೆ ನಾನೇ ಹೋಗಿ ನೋಡಿದೆ. ಪೆಟ್ಟಿಗೆ ಸರಿಯಾದ ಕಡೆಯೇ ಇತ್ತು: ಅಡಿಗೆಮನೆ, ಬಚ್ಚಲುಮನೆಗಳ ತೇವ ತಾಗದ ಒಳಕೋಣೆಯಲ್ಲಿ, ಬಳೆಗೆ ಗಾಳಿಯಾಡುವಂತೆ ಜಾಲರಿ ಮುಚ್ಚಳ ಹಾಕಿ.

ಮನೆಯಲ್ಲಿ ತಪ್ಪಿಲ್ಲವೆಂದರೆ ತಪ್ಪು ಒಲೆಯಲ್ಲಿ. ಒಲೆಯಲ್ಲೆಂದರೆ ಫಕ್ಕೀರಪ್ಪನಲ್ಲಿ. ಅವನ ಹೆಂಡತಿಯ ತಮ್ಮನಿಗೆ ಹಾತಲಗೇರಿ ನಾಕಾದ ಹತ್ತಿರ ಗ್ಯಾಸ್ ವೆಲ್ಡಿಂಗ್ ಅಂಗಡಿ ಇದೆ ಎಂದು ಗೊತ್ತಾದ ದಿನವೇ ನನ್ನ ಲೆಕ್ಕ ಮುಗಿದಿತ್ತು. ವೆಲ್ಡಿಂಗಿಗೆ ಆಕ್ಸಿಜನ್ ಬೇಕು. ಇವನ ಕೈಯಲ್ಲಿ ಆಕ್ಸಿಜನ್ ಸಿಲಿಂಡರುಗಳಿವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಉಳಿಯುತ್ತದೆ?

ಈ ಗದ್ದಲದ ನಡುವೆ ನನ್ನ ಮನೆಯಲ್ಲಿ ಸಂಭ್ರಮ. ಮಗಳು ರೋಹಿಣಿ ಮೊದಲ ಹೆರಿಗೆಗೆ ಬಂದವಳು ಹೆಣ್ಣು ಹಡೆದಿದ್ದಳು. ಕೂಸಿಗೆ ಆಗ ಇಪ್ಪತ್ತಾರು ದಿನ. ತಾಯಿ-ಮಗುವನ್ನು ಒಳಕೋಣೆಯಲ್ಲಿ ಮಲಗಿಸಿದ್ದೆವು. ಆ ಗಾಳಿಯ ದಿನಗಳಲ್ಲಿ ಬಾಣಂತಿಗೆ ಒಂದು ಎಳೆ ಗಾಳಿ ತಾಗಿದರೂ ಜೀವಮಾನವಿಡೀ ನೋವು ಎಂದು ನನ್ನ ಅವ್ವ ಪಾರವ್ವ ಹೇಳುತ್ತಾಳೆ. ಅವಳು ಏಳು ಹಡೆದವಳು. ರೋಹಿಣಿಯ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಕಿಟಕಿಯ ಸಂದಿಗಳಿಗೆ ಮೈದಾ ಅಂಟು ಹಚ್ಚಿ ಪೇಪರು ಮೆತ್ತಿದವಳು ನಾನೇ. ಯಾರ ಕೆಲಸವನ್ನೂ ನಂಬದವಳು ಅದನ್ನು ಬೇರೆಯವರಿಗೆ ಬಿಡುತ್ತೇನೆಯೇ? ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಲಿಯ ಕೆಂಡ, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ. ಕಣ್ಣಿಗೆ ಫೋನು ಕೆಟ್ಟದ್ದೆಂದು ಅವಳ ಫೋನನ್ನೂ ನಾನೇ ತೆಗೆದಿಟ್ಟುಕೊಂಡಿದ್ದೆ.

"ಮಮ್ಮಿ, ಮುಂಜಾನೆ ಎದ್ದ ಕೂಡ್ಲೆ ತಲಿ ಸಿಡಿದ್ಹೋಗತೈತಿ," ಎನ್ನುತ್ತಿದ್ದಳು ರೋಹಿಣಿ. "ಹೊಟ್ಟ್ಯಾಗೂ ತೊಳಸಿದಂಗ ಆಗತೈತಿ."

"ದೃಷ್ಟಿ ತಾಗೇತಿ," ಎಂದಳು ಅವ್ವ. "ಆ ಹೊಂಬಳದಾಕಿ ಬಂದು ಕೂಸಿನ ಕೆನ್ನಿ ಮುಟ್ಟಿ ಏನ್ ಕೆಂಪೈತಿ ಏನ್ ಕೆಂಪೈತಿ ಅಂದಳಲ್ಲ, ಆವತ್ತಿಂದ."

ನನ್ನ ಅನುಮಾನ ಬೀಗಿತ್ತಿಯ ಮೇಲಿತ್ತು. ಅಂಟಿನುಂಡೆಗೆ ಹಳೆಯ ತುಪ್ಪ ಹಾಕಿರಬೇಕು ಎಂದು ಉಳಿದ ಉಂಡೆಗಳನ್ನೆಲ್ಲ ಬೆಕ್ಕಿಗೆ ಹಾಕಿಬಿಟ್ಟೆ. ಬೆಕ್ಕು ತಿಂದು ಗುಂಡಗಾಯಿತು. ತಲೆನೋವು ಹಾಗೇ ಇತ್ತು. ಕೂಸು ಮಾತ್ರ ಬಹಳ ಸಮಾಧಾನದ್ದು, ಅಳುವುದೇ ಇಲ್ಲ, ಮಲಗಿದರೆ ಮಲಗಿದ್ದೇ ಎಂದು ಓಣಿಯವರೆಲ್ಲ ಹೊಗಳುತ್ತಿದ್ದರು.

ಕೂಸು ಹುಟ್ಟಿದ ಹದಿಮೂರನೆಯ ದಿನ ನಮ್ಮ ಮನೆಯ ಬಳೆಯೂ ಸತ್ತಿತು. ಬೇರೆ ಹಾಕಿಸಿದೆ. ವರದಿಗೆ ಒಂದು ದಿನ ಉಳಿದಿದ್ದ ಬುಧವಾರ ಬೆಳಿಗ್ಗೆ ಅದೂ ಸತ್ತಿತು. ಗುಣಪರೀಕ್ಷಕಿಯ ಮನೆಯಲ್ಲೇ ಎರಡು ಬಾರಿ. ನನಗೆ ಮೈ ಉರಿಯಿತು. ನೆಟ್ಟಗೆ ಕೇಂದ್ರಕ್ಕೆ ಹೋಗಿ ಒಲೆಯ ಮುಂದೆ ನಿಂತೆ.

"ಏನೋ ಫಕ್ಕೀರಪ್ಪ, ನನ್ನ ಮನಿಗೂ ಅರೆಹೊಟ್ಟಿ ಬಳಿ ಕೊಟ್ಟಿ?"

ಅವನು ಕೈಗವಸು ತೆಗೆದು ಪಕ್ಕಕ್ಕಿಟ್ಟ. "ಮೇಡಂ, ನಿಮ್ಮ ಮನಿದು ಎರಡು ಸಲ ಬಡದು ನೋಡಿ ಕೊಟ್ಟೀನ್ರಿ. ನೀವs ಆಯಸ್ಕಾಂತ ಇಟ್ಟು ಸಹಿ ಮಾಡೀರಿ."

"ಆಯಸ್ಕಾಂತ ಮೈ ಮ್ಯಾಲಿಂದು ಹೇಳತೈತಿ. ಹೊಟ್ಟ್ಯಾಗಿಂದು ಯಾರ್ ಕಂಡಾರ? ಮೂರು ದಿನ ಆರಿಸೂದನ್ನ ಎರಡು ದಿನಕ್ಕ ಮುಗಿಸಿ, ಉಳಿದ ಗ್ಯಾಸ್ ಎಲ್ಲಿ ಕಳಸಾಕತ್ತಿ ಅನ್ನೂದು ನನಗ ಗೊತ್ತೈತಿ."

ಅವನ ಮುಖ ಕಪ್ಪಿಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಎಂದುಕೊಂಡೆ ನಾನು. ಅವನು ಹೇಳಿದ: "ಒಂದs ಒಂದು ಬಳಿ ಕೊಯ್ದು ನೋಡ್ರಿ ಮೇಡಂ. ಒಲ್ಯಾಗ ಆಕ್ಸಿಜನ್ ಹೊರಗಿನಿಂದ ಒಳಗ ಹೋಗತೈತಿ. ನಾ ಕಡಿಮಿ ಹಾಕಿದ್ರ ಹೊಟ್ಟಿ ಖಾಲಿ ಇರತೈತಿ, ಮೈ ತುಂಬಿರತೈತಿ. ಮನ್ಯಾಗ ಹೋಗಿದ್ರ ಮೈ ಖಾಲಿ ಆಗಿ, ಹೊಟ್ಟಿ ತುಂಬಿರತೈತಿ. ನನಗ ಅನಸತೈತಿ, ಮನ್ಯಾಗs ಏನೋ ಐತಿ ಅದನ್ನ ಎಳಕೊಳ್ಳೂದು."

"ಕೊಯ್ದರ ಸಾಕ್ಷಿ ಪುಡಿ ಆಗತೈತಿ. ಅದs ಬೇಕಾಗೇತಿ ನಿನಗ."

"ನಿಮ್ಮ ಮನ್ಯಾಗ ಏನ್ ನಡದೈತಿ ಅಂತ ನೋಡ್ರಿ ಅಂದೆ, ಅಷ್ಟs."

ಅದು ಸರಿಹೋಗಲಿಲ್ಲ ನನಗೆ. ನನ್ನ ಮನೆಯ ಮೇಲೆ ಅನುಮಾನ ಪಡುವಷ್ಟು ಧೈರ್ಯ ಇವನಿಗೆ. ಹೊಸ ಬಳೆ ತಂದು ಹಾಕಲು ಅವನು ಬಂದರೆ ಅದೇ ನೆಪದಲ್ಲಿ ಹಳೆಯದನ್ನು ಬದಲಾಯಿಸಿಬಿಡುತ್ತಾನೆ ಎಂದು ಹೊಳೆಯಿತು. ಆ ಮಧ್ಯಾಹ್ನವೇ ಮನೆಗೆ ಹೋದೆ. ಸತ್ತ ಬಳೆಯ ಪೆಟ್ಟಿಗೆಗೆ, ಜಾಲರಿಯೂ ಸೇರಿದಂತೆ, ದಪ್ಪ ಕಚೇರಿ ಕಾಗದ ಸುತ್ತಿ, ಅಂಚುಗಳಿಗೆ ಟೇಪು ಒತ್ತಿ, ಅರಗು ಕರಗಿಸಿ ಮೊಹರು ಹಾಕಿ, ಮೂರು ಕಡೆ ಸಹಿ ಮಾಡಿದೆ. ಒಂದು ಇರುವೆಯೂ ಒಳಗೆ ಹೋಗಬಾರದು, ಹಾಗೆ. ರೋಹಿಣಿ ಹೊರಸಿನ ಮೇಲಿಂದ ಅರೆಗಣ್ಣಲ್ಲಿ ನೋಡುತ್ತಿದ್ದಳು.

"ಇದೇನ್ ಮಮ್ಮಿ, ನಮ್ಮನಿ ಬಳಿ ಜೈಲಿಗ್ ಹಾಕಾಕತ್ತೀ?"

"ಸಾಕ್ಷಿ ಅದು. ಮುಟ್ಟಬ್ಯಾಡ್ರಿ. ಒಂದೆರಡು ದಿನ ಕಂದೀಲು ಹಚ್ಚಿಕೊಳ್ರಿ."

ಗುರುವಾರ ಬೆಳಿಗ್ಗೆ ಎಂಟೂವರೆಗೆ ಕೇಂದ್ರದಲ್ಲಿದ್ದೆ. ವರದಿಯ ಹಾಳೆ ಮುಂದಿತ್ತು. "ಸಿಬ್ಬಂದಿಯಿಂದ ಆಕ್ಸಿಜನ್ ಕಳವು" ಎಂದು ಬರೆದು, ಮುಂದಿನ ಸಾಲಿಗೆ ಪೆನ್ನು ಓಡಲಿಲ್ಲ. ಕನಿಕರ ಬಂದು ನಿಂತದ್ದಲ್ಲ, ಅದೂ ಅನುಮಾನವೇ. ಈ ಮನುಷ್ಯ ಅಷ್ಟು ಖಚಿತವಾಗಿ ಕೊಯ್ದು ನೋಡಿ ಎನ್ನುತ್ತಿದ್ದಾನಲ್ಲ. ಧಾರವಾಡದವರು ನಾಳೆ ತಾವೇ ಕೊಯ್ದು, ಅವನು ಹೇಳಿದಂತೆಯೇ ಕಂಡರೆ ನನ್ನ ಗತಿಯೇನು? ಅವನು ಹೇಳುವುದು ಸುಳ್ಳು ಎಂಬುದನ್ನೂ ನನ್ನ ಕೈಯಿಂದಲೇ ತೋರಿಸಿಬಿಡಬೇಕು ಎಂದು ಎದ್ದೆ.

ಸವಡಿಯವರ ಬಳೆಯನ್ನು ಗರಗಸಕ್ಕೆ ಕೊಟ್ಟೆ. ಫಕ್ಕೀರಪ್ಪ ದೂರದಲ್ಲಿ ಕೈಕಟ್ಟಿ ನಿಂತು ನೋಡಿದ. ಹೊರಮೈಯಿಂದ ಒಂದು ಚಿಟಿಕೆ, ಹೊಟ್ಟೆಯೊಳಗಿಂದ ಒಂದು ಚಿಟಿಕೆ ಕೆರೆದು, ಕಲ್ಲಿನ ಕುಟ್ಟಣಿಯಲ್ಲಿ ಅರೆದು, ಎಕ್ಸ್‌ರೇ ಯಂತ್ರದಲ್ಲಿಟ್ಟೆ. ಹರಳಿನ ಬುಡ ಉದ್ದವಾಗಿದ್ದರೆ ಪರದೆಯ ಮೇಲೆ ಅಕ್ಕಪಕ್ಕ ಎರಡು ಶಿಖರ ಮೂಡುತ್ತವೆ, ಉದ್ದಕ್ಕೊಂದು, ಅಗಲಕ್ಕೊಂದು. ಬುಡ ಚೌಕವಾದರೆ ಎರಡೂ ಕೂಡಿ ಒಂದೇ. ಇಪ್ಪತ್ತು ನಿಮಿಷ ಯಂತ್ರ ಗುಂಯ್ ಎಂದಿತು. ಹೊರಮೈಯ ಪುಡಿಯಲ್ಲಿ ಒಂದೇ ಶಿಖರ. ಹೊಟ್ಟೆಯ ಪುಡಿಯಲ್ಲಿ ಎರಡು, ಚಂದಾಗಿ, ಪಾಠದ ಪುಸ್ತಕದಲ್ಲಿ ಇದ್ದ ಹಾಗೆ.

ಪುಡಿಗಳನ್ನು ಅದಲುಬದಲು ಮಾಡಿದೆನೇನೋ ಎಂದು ಮತ್ತೊಂದು ಬಳೆ ಕೊಯ್ದೆ. ಅದೇ. ಆಕ್ಸಿಜನ್ ಒಲೆಯಲ್ಲಿ ಸರಿಯಾಗಿಯೇ ತುಂಬಿತ್ತು. ಮನೆಯಲ್ಲಿ, ಮೈಯ ಕಡೆಯಿಂದ, ಯಾರೋ ಹೀರಿದ್ದರು.

"ನೀ ಹೇಳಿದ್ದು ಖರೆ ಐತಿ," ಎಂದೆ. ಆ ನಾಲ್ಕು ಮಾತು ಆಡುವುದು ನನಗೆ ಬಹಳ ಕಷ್ಟವಾಯಿತು.

ಅವನು ಹಿಗ್ಗಲಿಲ್ಲ. ಕೊಯ್ದ ಬಳೆಯ ತುಂಡನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ: "ಈ ಹಾಳಾದ ಬಳಿ ನೋಡಿದ್ರ ನನಗ ಗುಗ್ಗರಿ ನೆನಪಾಗತೈತ್ರಿ ಮೇಡಂ."

"ಏನಂದಿ?"

"ಅಲ್ರಿ, ನೀವು ಬಳಿ ಸತ್ತ ಮನಿಗಿ ತಪಾಸಕ್ಕ ಹೋಗಿ ಬರೂ ಮುಂದ ಪ್ರತಿ ಸಲ ಡಬ್ಬ್ಯಾಗ ಗುಗ್ಗರಿ ತಂದು ನಮಗೆಲ್ಲ ಕೊಟ್ರಿ. ಸವಡ್ಯಾರ ಮನಿದು ಕಡ್ಲಿ ಗುಗ್ಗರಿ, ಮಾಸ್ತರ ಮನಿದು ಗೋಧಿದು. ಆರು ಬಳಿ, ಆರು ಸಲ ಗುಗ್ಗರಿ."

ನಮ್ಮಲ್ಲಿ ಹೀಗೆ ಬೇಯಿಸಿದ ಕಾಳಿನ ಗುಗ್ಗರಿ ಹಂಚುವುದು ತೊಟ್ಟಿಲಿಗೆ. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮನೆಯಲ್ಲಿ. ಆರೂ ಮನೆಗಳಲ್ಲಿ ನನ್ನನ್ನು ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಕೂಸು ತೋರಿಸಿ, ಗುಗ್ಗರಿ ಕಟ್ಟಿಕೊಟ್ಟಿದ್ದರು. ನಾನು ಕೂಸಿಗೆ ನೂರು ರೂಪಾಯಿ ಮುಟ್ಟಿಸಿ, ಪೆಟ್ಟಿಗೆ ನೋಡಿ, ಬರೆದುಕೊಂಡು ಬಂದಿದ್ದೆ. ಪೆಟ್ಟಿಗೆ ಇದ್ದದ್ದು ಒಳಕೋಣೆಯಲ್ಲಿ. ಬಾಣಂತಿ ಇದ್ದದ್ದೂ ಅದೇ ಒಳಕೋಣೆಯಲ್ಲಿ. ತೇವ ಇರಬಾರದು ಎಂದು ಬಳೆಗೆ ಆ ಕೋಣೆ, ಗಾಳಿ ತಾಗಬಾರದು ಎಂದು ಬಾಣಂತಿಗೂ ಆ ಕೋಣೆ. ಹೊರಸಿನ ಕೆಳಗೆ ಕೆಂಡ.

ಮುಚ್ಚಿದ ಕೋಣೆಯಲ್ಲಿ ಕೆಂಡಕ್ಕೆ ಉಸಿರು ಸಾಲದೆ ಹೋದಾಗ ಅದು ಕಾರ್ಬನ್ ಮೊನಾಕ್ಸೈಡ್ ಕಾರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಇದ್ದರೂ ಲೋಬಾನ, ಅಜವಾನದ ಹೊಗೆಯಲ್ಲಿ ಯಾರಿಗೆ ತಿಳಿಯಬೇಕು? ರಕ್ತಕ್ಕೆ ಸೇರಿ ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸು, ಆಮೇಲೆ ನಿದ್ದೆ. ಕೆನ್ನೆ ಕೆಂಪಗಾಗುವುದೂ ಉಂಟು. ಗಣಿಯೊಳಗೆ ಇಳಿಯುವವರ ಮುಖವಾಡದಲ್ಲಿ ಈ ವಿಷಕ್ಕೆಂದೇ ತಾಮ್ರದ ಆಕ್ಸೈಡು ತುಂಬಿರುತ್ತಾರೆ. ಅದು ವಿಷಕ್ಕೆ ಒಂದು ಆಕ್ಸಿಜನ್ ಸೇರುವಂತೆ ಮಾಡಿ ಸಾಧಾರಣ ಕಾರ್ಬನ್ ಡೈಆಕ್ಸೈಡ್ ಆಗಿಸುತ್ತದೆ. ನಮ್ಮ ಬಳೆಯೂ ತಾಮ್ರದ ಆಕ್ಸೈಡೇ. ಅದರ ಸಡಿಲ ಏಳನೆಯ ಆಕ್ಸಿಜನ್ ಎಲ್ಲಿ ಹೋಯಿತೆಂದು ಎರಡು ತಿಂಗಳು ಹುಡುಕಿದೆನಲ್ಲ, ಅದು ಕೆಂಡದ ವಿಷ ತಿನ್ನಲು ಹೋಗಿತ್ತು. ಬಾಣಂತಿ ಕೋಣೆಯಲ್ಲಿ ದೀಪ ಆರುವವರೆಗೂ ಬಳೆ ತಾಯಿ-ಕೂಸನ್ನು ಕಾಯುತ್ತಿತ್ತು. ದೀಪಕ್ಕೆ ಸತ್ತ ಮೇಲೂ ಅದರ ಹೊಟ್ಟೆಯಲ್ಲಿ ಇನ್ನಷ್ಟು ಉಸಿರು ಇತ್ತು, ಪರದೆಯ ಮೇಲಿನ ಎರಡು ಶಿಖರ ಅದನ್ನೇ ಹೇಳಿದವು.

ನನ್ನ ಮನೆಯ ಬಳೆಗೆ ಮಾತ್ರ ಆ ಉಸಿರು ಬಿಡಲು ದಾರಿಯಿರಲಿಲ್ಲ. ನಿನ್ನೆ ಮಧ್ಯಾಹ್ನ ಅದಕ್ಕೆ ನಾನು ಮೊಹರು ಹಾಕಿದ್ದೆ.

ಅವ್ವನಿಗೆ ಫೋನು ಮಾಡಿದೆ. ಐದಾರು ಸಲ ಗಂಟೆ ಹೊಡೆದ ಮೇಲೆ ಎತ್ತಿದಳು.

"ರೋಹಿಣಿ ಏನ್ ಮಾಡಾಕತ್ತಾಳ?"

"ಮಲಗ್ಯಾಳವ್ವ. ಇವತ್ತ ಭಾಳ ಛಲೋ ನಿದ್ದಿ ಹತ್ತೈತಿ ಪಾಪ. ಎಬ್ಬಿಸಿದ್ರೂ ಹ್ಞೂಂ ಅಂದು ಮತ್ತ ಮಲಗಿದ್ಲು. ಕೂಸು ಸುದ್ದಾ ಒಮ್ಮೆನೂ ಅತ್ತಿಲ್ಲ."

"ಅವ್ವ, ಲಗೂನ ಬಾಗಲಾ ತಗಿ. ಕಿಡಕಿ ತಗಿ. ಅವರನ್ನ ಹೊರಗ ಕರಕೊಂಡು ಬಾ."

"ತಲಿ ಕೆಟ್ಟೈತೇನ ನಿನಗ? ಹೊರಗ ಗಾಳಿ ನೋಡು, ತಗಡು ಹಾರಾಕತ್ತಾವ. ಈಗಷ್ಟ ಕೆಂಡ ತುಂಬಿ ಬಂದೀನಿ. ನೀನs ಹೇಳಿದ್ಯಲ್ಲ, ಬಾಗಲಾ ಯಾರಿಗೂ ತಗೀಬ್ಯಾಡ ಅಂತ."

ಅದೂ ನಿಜ. ನಾನೇ ಹೇಳಿದ್ದೆ. ಅವ್ವನೊಂದಿಗೆ ವಾದ ಮಾಡುವಷ್ಟು ಹೊತ್ತಿರಲಿಲ್ಲ. ಸ್ಕೂಟರ್ ಕೀಲಿ ಹುಡುಕುತ್ತ ಫಕ್ಕೀರಪ್ಪನಿಗೆ ಏನು ಹೇಳಿದೆನೋ ನೆನಪಿಲ್ಲ. ಕೆಂಡ ಅಂದೆ, ಕೂಸು ಅಂದೆ, ಮೊಹರು ಅಂದೆ. ಅವನು ಒಂದು ಮಾತೂ ಕೇಳದೆ ಒಲೆಯ ಕಡೆಗೆ ಓಡಿದ. ನನ್ನ ಜೊತೆ ಬರುವುದು ಬಿಟ್ಟು ಒಲೆ ನೋಡಲು ಹೋದನಲ್ಲ ಎಂದು ಆ ಹೊತ್ತಿನಲ್ಲೂ ನನಗೆ ಅನ್ನಿಸಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಮನೆಗೆ ಐದು ನಿಮಿಷದ ದಾರಿ. ಎದುರುಗಾಳಿ ಸ್ಕೂಟರನ್ನು ಹಿಂದಕ್ಕೆ ತಳ್ಳುತ್ತಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಭಾನುವಾರದ ತೊಟ್ಟಿಲಿಗೆಂದು ಕಡಲೆ ಆರಿಸುತ್ತಿದ್ದಳು. ಅವಳನ್ನು ದಾಟಿ ಒಳಕೋಣೆಯ ಬಾಗಿಲು ನೂಕಿದೆ. ಕೆಳಸಂದಿಗೆ ತುರುಕಿದ್ದ ಕೌದಿ ಸಿಕ್ಕಿಕೊಂಡು ಅರ್ಧವೇ ತೆರೆಯಿತು. ಬಿಸಿ, ಲೋಬಾನದ ವಾಸನೆ, ಕಂದೀಲಿನ ಸಣ್ಣ ಬೆಳಕು. ಮೂಲೆಯಲ್ಲಿ ನನ್ನ ಸಹಿ ಹೊತ್ತ ಪೆಟ್ಟಿಗೆ.

ರೋಹಿಣಿಯ ಕೆನ್ನೆ ಹೊಡೆದೆ. ಕಣ್ಣು ತೆರೆದಳು, ಗುರುತು ಹಿಡಿಯಲಿಲ್ಲ. ಕೂಸನ್ನು ಎತ್ತಿದರೆ ಕತ್ತು ಒಂದು ಕಡೆ ಜಾರಿತು. ಕೆನ್ನೆ, ತುಟಿ ಎಲ್ಲ ಕೆಂಪು. ಏನ್ ಕೆಂಪೈತಿ ಎಂದಿದ್ದ ಹೊಂಬಳದವಳ ಮಾತು ನೆನಪಾಯಿತು.

ಕೂಸನ್ನು ಅವಚಿಕೊಂಡು ಹೊರಗಿನ ಕಟ್ಟೆಗೆ ಓಡಿದೆ. ಗಾಳಿ ನನ್ನ ಸೆರಗನ್ನು ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಇಪ್ಪತ್ತಾರು ದಿನ ಅದರಿಂದ ಬಚ್ಚಿಟ್ಟ ಕೂಸನ್ನು ಅದಕ್ಕೇ ಎದುರಾಗಿ ಹಿಡಿದೆ. "ಯವ್ವಾ, ಕೂಸು ಕೊಲ್ಲತಾಳ ಈಕಿ," ಎಂದು ಅವ್ವ ಬಡಿದುಕೊಳ್ಳುತ್ತ ಹಿಂದೆ ಬಂದಳು. "ಕೊಂದಾಕಿ ನಾನs ಅವ್ವ, ಒಳಗ ಹೋಗಿ ರೋಹಿಣಿನ್ನ ಎಳಕೊಂಡು ಬಾ," ಎಂದೆ. ನನ್ನ ಮುಖ ನೋಡಿ ಅವಳು ಒಳಗೆ ಓಡಿದಳು.

ಅಷ್ಟರಲ್ಲಿ ಫಕ್ಕೀರಪ್ಪನ ಬೈಕು ಬಂತು. ಹಿಂದಿನ ಸೀಟಿಗೆ, ಹಗ್ಗ ಹಾಕಿ, ಒಂದು ಆಕ್ಸಿಜನ್ ಸಿಲಿಂಡರ್ ಕಟ್ಟಿದ್ದ. ಕೊರಳಲ್ಲಿ ಒಲೆಮನೆಯ ತುರ್ತು ಪೆಟ್ಟಿಗೆಯಲ್ಲಿರುವ ಮುಖವಾಡ ನೇತಾಡುತ್ತಿತ್ತು. ಕಟ್ಟೆಯ ಮೇಲೆ ಸಿಲಿಂಡರ್ ಇಳಿಸಿ, ಕೀಲಿಯನ್ನು ಬಹಳ ಮೆಲ್ಲಗೆ ತಿರುವಿ, ಮೊದಲು ತನ್ನ ಕೆನ್ನೆಗೆ ಹಿಡಿದು ನೋಡಿದ. ಆಮೇಲೆ ಮುಖವಾಡವನ್ನು ಕೂಸಿನ ಮುಖದ ಮೇಲೆ ತಾಗಿಯೂ ತಾಗದಂತೆ ಇಟ್ಟ.

"ಒಳಗಿನ ವಿಷಾನ ಇದs ಹೊರಗ ತಳ್ಳಬೇಕ್ರಿ," ಎಂದ. "ಬಳಿಗಿ ಹಾಕೂದು ಇದs, ಇವರಿಗೂ ಇದs."

ನಾನು ಕೂಸಿನ ಎದೆಯನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತೋ. ಓಣಿಯವರು ಸೇರಿದರು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ರೋಹಿಣಿ ಕಟ್ಟೆಯ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡು, ಮೊದಲ ಬಾರಿಗೆ ಸರಿಯಾಗಿ ಕಣ್ಣುಬಿಟ್ಟು "ನನ್ನ ಕೂಸು ಎಲ್ಲೈತಿ ಮಮ್ಮಿ" ಎಂದಳು. ಆಗ ಕೂಸಿನ ಕಾಲು ಒಮ್ಮೆ ಒದೆಯಿತು. ಮುಖ ಸಿಂಡರಿಸಿ, ಮುಖವಾಡವನ್ನು ತಲೆಯಿಂದ ತಳ್ಳಿ, ಹುಟ್ಟಿದ ದಿನ ಅತ್ತ ಹಾಗೆ ಗಂಟಲು ಬಿಚ್ಚಿ ಅಳತೊಡಗಿತು. ಸಮಾಧಾನದ ಕೂಸು ಎಂದು ಹೊಗಳಿಸಿಕೊಂಡದ್ದು ಓಣಿಯ ತುದಿಗೆ ಕೇಳುವಂತೆ ಅತ್ತಿತು. ನಾನೂ ಅತ್ತೆ, ಎಲ್ಲರ ಮುಂದೆ, ನಾಚಿಕೆಯಿಲ್ಲದೆ.

ಆಂಬುಲೆನ್ಸು ಬರುವವರೆಗೆ ಫಕ್ಕೀರಪ್ಪ ಒಳಗೆ ಹೋಗಿ ಅಗ್ಗಿಷ್ಟಿಕೆ ಹೊರಗಿಟ್ಟ. ಕಿಟಕಿಗೆ ನಾನು ಮೆತ್ತಿದ ಪೇಪರು ಬಿಡದೆ ಹೋದಾಗ ಮೊಣಕೈಯಿಂದ ಗಾಜು ಒಡೆದ. ಕೊನೆಗೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಟೇಪು ಕೀಳುತ್ತ ಕೂಗಿ ಹೇಳಿದ: "ಸಹಿ ಭಾಳ ಗಟ್ಟಿ ಹಚ್ಚೀರಿ ಮೇಡಂ. ಕಿತ್ತರ ಬರವಲ್ದು."

ಎರಡು ದಿನ ಆಸ್ಪತ್ರೆಯಲ್ಲಿದ್ದು ಇಬ್ಬರೂ ಮನೆಗೆ ಬಂದರು. ಡಾಕ್ಟರು ರಕ್ತ ಪರೀಕ್ಷೆ ನೋಡಿ, ಇನ್ನೊಂದು ಗಂಟೆ ಹೋಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು. ಸವಡಿ, ಹೊಂಬಳ, ಬೆಳಧಡಿಯವರು ಸೇರಿ ಆ ಆರೂ ಮನೆಗಳಿಗೆ ಅದೇ ಗುರುವಾರ ಸಂಜೆ ಫಕ್ಕೀರಪ್ಪನೇ ಹೋಗಿ ಕಿಟಕಿ ತೆಗೆಸಿ ಬಂದ. ಅಲ್ಲಿ ಹೊಸ ಬಳೆಗಳಿದ್ದವು, ಪೆಟ್ಟಿಗೆಯ ಜಾಲರಿಗಳು ತೆರೆದೇ ಇದ್ದವು, ಅದಕ್ಕೇ ಅವರ ಕೂಸುಗಳು ಅಷ್ಟು ದಿನ ತಾಳಿದ್ದವು. ಭಾನುವಾರ ತೊಟ್ಟಿಲು ಮಾಡಿದೆವು, ಹೊರಗಿನ ಕಟ್ಟೆಯ ಮೇಲೆ, ಗಾಳಿಯಲ್ಲಿ. ಗುಗ್ಗರಿಯ ಮೊದಲ ಹಿಡಿ ಅವನಿಗೆ ಕೊಡಬೇಕೆಂದು ಅವ್ವನೇ ಹಟ ಹಿಡಿದಳು.

ಸೋಮವಾರ ಧಾರವಾಡದಿಂದ ಸಾಹೇಬರ ಫೋನು. "ಮೇಡಂ, ಗುರುವಾರದ ವರದಿ ಇನ್ನೂ ಬಂದಿಲ್ಲರಿ. ಆ ಒಲ್ಯಾಂವ ಆಕ್ಸಿಜನ್ ಹೊರಗ ಒಯ್ದಾನೋ ಇಲ್ಲೋ, ಅಷ್ಟು ಹೇಳ್ರಿ."

ಹಳೆಯ ಹಾಳೆ ಹರಿದು ಹೊಸದು ತೆಗೆದೆ. ಬಳೆಗಳನ್ನು ಕೊಯ್ದಾಗ ಕಂಡದ್ದು, ಕೆಂಡದ ವಿಷಯ, ಬಾಣಂತಿ ಕೋಣೆಯ ವಿಷಯ ಎಲ್ಲ ಬರೆದೆ. ಜಾಲರಿ ಮುಚ್ಚಿ ಮೊಹರು ಹಾಕಿದವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ. ಕೊನೆಯ ಅಂಕಣದಲ್ಲಿ ಸಾಹೇಬರು ಕೇಳಿದ್ದಕ್ಕೆ ಉತ್ತರ ಬರೆದೆ: ಫಕ್ಕೀರಪ್ಪ ಕಮ್ಮಾರ ಇವರು ಆಕ್ಸಿಜನ್ ಸಿಲಿಂಡರ್ ಒಂದನ್ನು ಅನುಮತಿ ಇಲ್ಲದೆ, ದಾಖಲೆ ಮಾಡದೆ, ಕೇಂದ್ರದಿಂದ ಹೊರಗೆ ಒಯ್ದದ್ದು ನಿಜ. ಒಯ್ದದ್ದು ನನ್ನ ಮನೆಗೆ.